ನಾನು ಬಾಯಿ ಮುಚ್ಚಿಕೊಂಡಿದ್ದ ಹದಿನೆಂಟು ದಿನ

ಸೋಸಲೆಯಲ್ಲಿ ನನಗಿಂತ ಹೆಚ್ಚು ಸದ್ದು ಮಾಡುವುದು ಮಳೆಗಾಲದ ಕಾವೇರಿ ಒಂದೇ. ಅದೂ ವರ್ಷಕ್ಕೆ ಮೂರು ತಿಂಗಳು ಮಾತ್ರ. ಮಿಕ್ಕ ಒಂಬತ್ತು ತಿಂಗಳು ನಾನೇ. ನಾನು ಬಸ್ ನಿಲ್ದಾಣದಲ್ಲಿ ಬಾಯಿ ತೆರೆದರೆ ನರಸೀಪುರದ ಬಸ್ಸಿನ ಡ್ರೈವರು ಇಂಜಿನ್ ಆರಿಸಿ ಕೂತು ಕೇಳುತ್ತಾನೆ. ಇಂಥ ಶಿವಸ್ವಾಮಿಯ ಮೊಮ್ಮಗಳು ಧನ್ವಿತಾಗೆ ಎರಡೂವರೆ ವರ್ಷ ತುಂಬಿದರೂ ಒಂದು ಮಾತು ಬಂದಿರಲಿಲ್ಲ.

ಮಗು ಚುರುಕೇ. ಹೇಳಿದ್ದೆಲ್ಲ ತಿಳಿಯುತ್ತಿತ್ತು. ಬೇಕಾದ್ದನ್ನು ಬೆರಳು ತೋರಿಸಿ, ಪಂಚೆ ಜಗ್ಗಿ ಪಡೆದುಕೊಳ್ಳುತ್ತಿತ್ತು. ಮಾತೊಂದೇ ಇಲ್ಲ. ನನ್ನ ಹೆಂಡತಿ ದೇವೀರಮ್ಮ ಬಜೆಬೇರು ತೇಯ್ದು ಅದರ ನಾಲಿಗೆಗೆ ತಿಕ್ಕಿದಳು. ತಿಕ್ಕಿದ ಬಜೆಯನ್ನು ಕೂಡಿಟ್ಟಿದ್ದರೆ ನಾಲ್ಕು ಎತ್ತಿನಗಾಡಿ ತುಂಬುತ್ತಿತ್ತು. ಮಗುವಿಗೆ ಮಾತು ಬರಲಿಲ್ಲ, ಉಗುಳುವುದು ಬಂತು.

ಸೊಸೆ ಶೃತಿ ಒಂದು ದಿನ ಒಲೆಯ ಮುಂದೆ ನಿಂತು, ನನ್ನ ಕಡೆ ನೋಡದೆ ಹೇಳಿದಳು: "ಮಾವ, ಅಂಗನವಾಡೀಲಿ ಪಕ್ಕದ ಮಗು ಕಚ್ಚಿದ್ರೂ ಬಂದು ಹೇಳಕ್ಕಾಗಲ್ಲ ಇವ್ಳಿಗೆ. ಒಂದೇ ಒಂದ್ ಮಾತು ಬಂದ್ರೂ ಸಾಕು ನಂಗೆ."

ಆ ರಾತ್ರಿಯ ಊಟ ನನಗೆ ಸೇರಲಿಲ್ಲ. ಆರೇ ಮುದ್ದೆ ಉಂಡೆ.

ಮೊದಲು ಕಿವಿ ಪರೀಕ್ಷೆಯಾಯಿತು, ಕಿವಿ ಸರಿಯಾಗಿತ್ತು. ಆಮೇಲೆ ನಂಜನಗೂಡಿನಲ್ಲಿ ಚಿಕ್ಕ ಮಕ್ಕಳಿಗೆ ಮಾತು ಕಲಿಸುವ ಇಂದ್ರಾಣಿ ಮೇಡಂ ಹತ್ತಿರ ಹೋದೆವು. ಹೆಡತಲೆ ಊರಿನ ಹೆಣ್ಣುಮಗಳು, ತಣ್ಣನೆಯ ಗಂಟಲು. ಪಾಠ ಅಂದರೆ ಬೆತ್ತ, ಸ್ಲೇಟು ಇರುತ್ತದೆಂದು ನಾನು ತಿಳಿದಿದ್ದೆ. ಆಕೆ ಚಾಪೆ ಮೇಲೆ ಕೂತು ಸೋಪುನೀರಿನ ಗುಳ್ಳೆ ಊದಿದಳು. ಮಗು ಕುಣಿಯಿತು. ಊದುವುದನ್ನು ನಿಲ್ಲಿಸಿ, ಡಬ್ಬಿಯನ್ನು ಮಗುವಿನ ಕಣ್ಣೆದುರು ಹಿಡಿದು ಸುಮ್ಮನೆ ಕಾದಳು.

"ಇನ್ನೂ ಊದಿ ಅಂತಾಳೆ ಮೇಡಂ!" ಎಂದೆ ನಾನು.

ಚೆಂಡು ಹಿಡಿದು ಕಾದಳು.

"ಕೊಡಿ ಅಂತಾಳೆ!"

ಮೂರನೆಯ ಸಲವೂ ನಾನೇ ಬಾಯಿ ಹಾಕಿದಾಗ ಆಕೆ ನನ್ನ ಕಡೆ ತಿರುಗಿದಳು. "ತಾತ, ಪಾಠ ಯಾರಿಗೆ?"

"ಮಗೀಗೆ."

"ಮತ್ತೆ ಉತ್ತರ ನೀವ್ಯಾಕೆ ಕೊಡ್ತಿದೀರಿ?"

ಶೃತಿ ಸೆರಗು ಬಾಯಿಗಿಟ್ಟು ನಕ್ಕಳು. ಜೀವಮಾನದಲ್ಲಿ ನನ್ನ ಬಾಯಿ ಕಟ್ಟಿಸಿದವರು ಇಬ್ಬರೇ; ಒಬ್ಬರು ಹಲ್ಲು ಕಿತ್ತ ಡಾಕ್ಟರು.

"ಹಂಗಾದ್ರೆ ನನ್ನ ಬಾಯಿಂದ್ಲೇ ಮಗೀಗೆ ಮಾತು ನಿಂತೋಯ್ತಾ ಮೇಡಂ?" ಕೇಳುವಾಗ ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಇಲ್ಲ ತಾತ. ಕೆಲವು ಮಕ್ಕಳು ನಿಧಾನ, ಯಾರ ತಪ್ಪೂ ಅಲ್ಲ. ಆದ್ರೆ ಅವ್ಳ ಸರದಿ ಅವ್ಳಿಗೆ ಬಿಡಿ. ಮನೇಲಿ ಅವ್ಳಿಗೆ ಏನಂದ್ರೆ ಪ್ರಾಣ?"

ಕರು. ಬೆಳಿಗ್ಗೆ ಹಾಲು ಕರೆಯುವ ಮುಂಚೆ ಕರು ಬಿಡುತ್ತೇವಲ್ಲ, ಅದು ಎರಡು ಗುಟುಕು ಕುಡಿದರೆ ತಾನೇ ಹಸು ಹಾಲಿಳಿಸುವುದು. ಕರು ಗೂಟದಿಂದ ಕೆಚ್ಚಲಿಗೆ ನೆಗೆಯುವ ಆ ಗಳಿಗೆಗಾಗಿ ಧನ್ವಿತಾ ಕೋಳಿಗಿಂತ ಮುಂಚೆ ಏಳುತ್ತಾಳೆ.

"ಅದೇ ನಿಮ್ಮ ಪಾಠ," ಎಂದಳು ಇಂದ್ರಾಣಿ ಮೇಡಂ. "ಮೊದ್ಲು ಕೆಲವು ದಿನ 'ಬಿಡು' ಅಂತ ಒಂದೇ ಮಾತು ಹೇಳಿ ಬಿಡಿ. ಆಮೇಲೆ ಹಗ್ಗ ಹಿಡ್ಕೊಂಡು ಅವ್ಳ ಮುಖ ನೋಡ್ತಾ ಕಾಯಿರಿ. ಮನಸ್ಸಲ್ಲೇ ಹತ್ತು ಎಣಿಸಿ. ಬರ್ಲಿಲ್ವಾ, ನೀವೇ ಒಂದ್ಸಲ ಅಂದು ಬಿಟ್ಬಿಡಿ. ಹೇಳು ಹೇಳು ಅಂತ ಪೀಡಿಸ್ಬೇಡಿ. ಒಂದು ಸದ್ದು ಬಂದ್ರೂ ತಕ್ಷಣ ಬಿಡ್ಬೇಕು. ಬಾಯಿ ಬಿಟ್ಟು ಕೇಳಿದ್ರೆ ಸಿಗುತ್ತೆ ಅಂತ ಅವ್ಳಿಗೆ ಗೊತ್ತಾಗ್ಬೇಕು."

ಒಂದು ವಾರ 'ಬುಡು' ಎಂದು ಕರು ಬಿಟ್ಟೆ. ಎಂಟನೆಯ ದಿನ ಹಗ್ಗ ಹಿಡಿದು ಕೂತೆ. ಮಗು ನನ್ನ ಪಂಚೆ ಜಗ್ಗಿತು. ಕರು ಜಗ್ಗಿತು. ಹಸು ಅಂಬಾ ಎಂದಿತು. ನಾನು ನಾಲ್ಕರವರೆಗೆ ಎಣಿಸಿದ್ದೆ.

"ಬುಡಿ ಅತ್ಲಾಗೆ! ಕರ ಕತ್ತು ಕುಯ್ಕೊಂಡ್ ಸಾಯ್ತದೆ!" ಬಾಗಿಲಿನಿಂದ ದೇವೀರಮ್ಮ ಕೂಗಿದಳು.

ಮಾರನೆಯ ದಿನ ಅವಳನ್ನು ಗದರಿಸಿ ಕೂರಿಸಿದೆ. ಏಳರವರೆಗೆ ಬಂದಿದ್ದೆ; ಡೈರಿ ಬಾಗಿಲು ತೆಗೆಯಲು ಹೊರಟಿದ್ದ ಚೆಲುವರಾಜು ಬೇಲಿಯಾಚೆಯಿಂದ ಕೂಗಿದ: "ಬುಡಣ್ಣೋ! ಏನ್ ಕರೀನ್ ಜೊತೆ ಪಂಚಾಯ್ತಿ?"

ಅವನನ್ನು ಕೊಲ್ಲಬೇಕೆನಿಸಿತು. ಮಗುವಿನ ಮಾತನ್ನು ಊರೆಲ್ಲ ಆಡಿ ಮುಗಿಸುತ್ತಿತ್ತು. ಮಗು ಯಾಕೆ ಆಡಬೇಕು? ಸಂಜೆ ಮನೆಮನೆಗೆ ಹೋಗಿ ಕೈ ಮುಗಿದು ಹೇಳಿದೆ: ಬೆಳಿಗ್ಗೆ ಆರರಿಂದ ಆರೂಕಾಲರವರೆಗೆ ನಮ್ಮ ಕೊಟ್ಟಿಗೆ ಕಡೆ ಯಾರೂ ಉಸಿರೆತ್ತಬೇಡಿ. ಮರುದಿನದಿಂದ ನಮ್ಮ ಬೀದಿಯಲ್ಲಿ ಕಾಗೆ ಕೂಡ ಕೂಗಲು ಬಾಯಿ ತೆರೆದು, ನೆನಪಾಗಿ ಮುಚ್ಚಿಕೊಂಡು ಹಿಂದೆ ಸರಿಯುತ್ತಿತ್ತು.

ಆದರೂ ಮಾತು ಬರಲಿಲ್ಲ. ಹತ್ತು ಎಣಿಸುವುದು, ನಾನೇ 'ಬುಡು' ಎನ್ನುವುದು, ಕರು ನೆಗೆಯುವುದು. ಹದಿನೇಳನೆಯ ದಿನ ಶೃತಿ ನೋಡಲು ಹೊರಗೆ ಬರಲೇ ಇಲ್ಲ. ಒಳಗೆ ಪಾತ್ರೆ ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು.

ಹದಿನೆಂಟನೆಯ ಬೆಳಿಗ್ಗೆ ಹೊಳೆ ಕಡೆಯಿಂದ ಮಂಜು ಬಂದಿತ್ತು. ನಾನು ಕುಕ್ಕರಗಾಲಿನಲ್ಲಿ ಕೂತು ಹಗ್ಗ ಹಿಡಿದು ಮಗುವಿನ ಮುಖವನ್ನೇ ನೋಡಿದೆ. ಆರು. ಏಳು. ಮಗು ಪಂಚೆಗೆ ಕೈ ಹಾಕಿತು, ಏನೋ ನೆನೆದಂತೆ ಕೈ ಬಿಟ್ಟಿತು. ಕರುವನ್ನು ನೋಡಿತು, ನನ್ನ ಬಾಯಿ ನೋಡಿತು. ಎಂಟು. ನನ್ನೊಳಗೆ ಅರವತ್ತೆರಡು ವರ್ಷದ ಮಾತೆಲ್ಲ ಗಂಟಲಿಗೆ ಬಂದು ಒತ್ತುತ್ತಿತ್ತು. ಒಂಬತ್ತು. ಮಗು ತುಟಿ ಎರಡನ್ನೂ ಕೂಡಿಸಿತು.

"ಬು."

ಹಗ್ಗ ನನ್ನ ಕೈಯಿಂದ ತಾನೇ ಜಾರಿತು. ಕರು ನೆಗೆಯಿತು, ಮಗು ಚಪ್ಪಾಳೆ ತಟ್ಟಿತು. ಪಾತ್ರೆಯ ಸದ್ದು ನಿಂತಿತು. ಶೃತಿ ಬೂದಿಗೈಯಲ್ಲೇ ಬಾಗಿಲಿಗೆ ಬಂದು ನಿಂತಳು. ದೇವೀರಮ್ಮ ಅತ್ತ ಅಳುವಿಗೆ ಆ ದಿನ ಕೊಟ್ಟಿಗೆ ತೊಳೆಯಲು ಬೇರೆ ನೀರು ಬೇಕಾಗಲಿಲ್ಲ.

ಕರುವನ್ನು ಎಳೆದು ಕಟ್ಟಿ, ಬಕೀಟು ಇಟ್ಟು ಕರೆಯಲು ಕೂತೆ. ಎರಡು ಧಾರೆ ಬಿದ್ದಿತ್ತು ಅಷ್ಟೆ.

"ಬು," ಎಂದಿತು ಹಿಂದಿನಿಂದ.

ಬಿಟ್ಟೆ. ಮತ್ತೆ ಕಟ್ಟಿದೆ.

"ಬು."

"ಅಯ್ಯೋ, ಡೈರಿ ಹಾಲು ಕಣ್ರೀ!" ಎಂದಳು ದೇವೀರಮ್ಮ.

"ಸುಮ್ಕಿರಿ ಅತ್ತೆ," ಎಂದಳು ಶೃತಿ. "ಕೇಳ್ತಾವ್ಳಲ್ಲ. ಇವತ್ತಿನ ಹಾಲು ಕರೀಗೇ ಇರ್ಲಿ."

ಕರುವಿನ ಹೊಟ್ಟೆ ನಗಾರಿಯಾಯಿತು. ಕೊನೆಯ ಸಲ ಬಿಟ್ಟಾಗ ಅದು ಕೆಚ್ಚಲಿನ ಕಡೆ ತಿರುಗಿಯೂ ನೋಡದೆ ಮಗುವಿನ ಕೈ ನೆಕ್ಕುತ್ತ ನಿಂತಿತು.

ಕ್ಯಾನು ಹಿಡಿದು ಡೈರಿಗೆ ಹೋದೆ. ಚೆಲುವರಾಜು ಮುಚ್ಚಳ ತೆಗೆದು ಒಳಗೆ ನೋಡಿ, ನನ್ನನ್ನು ನೋಡಿದ. "ಇದೇನಣ್ಣ, ಒಂದು ಲೋಟಾನೂ ಇಲ್ಲ! ಇಷ್ಟಕ್ಕೆ ಯಾಕ್ ಬಂದೆ?"

"ಹೇಳಕ್ಕೆ ಬಂದೆ ಕಣ್ಲಾ. ಮಗು ಮಾತಾಡ್ತು. ಐದು ಸಲ."

ಸಾಲಿನಲ್ಲಿದ್ದವರೆಲ್ಲ ಕ್ಯಾನು ಕೆಳಗಿಟ್ಟು, ಮುಂದಿನದಕ್ಕೆ ಕಾದರು. ನಾನು ಏನೂ ಸೇರಿಸಲಿಲ್ಲ.

"ಐದೇನಾ?" ಚೆಲುವರಾಜು ನಂಬಲಿಲ್ಲ. "ನೀನು ಐನೂರು ಅನ್ಬೇಕಿತ್ತಲ್ಲಣ್ಣ?"

"ಐದೇ," ಎಂದೆ.

ನಿಮ್ಮ ಹತ್ತಿರ ಯಾಕೆ ಮುಚ್ಚುಮರೆ, ನಾಲ್ಕೇ ಸಲ.