ಅಡುಗೆಯವನು ಹತ್ತಿದ ಗುಡ್ಡ

ಗಂಡನ ಸಾವನ್ನು ಹಿಲ್ಯಾ ಹೇಗೋ ತಡೆದುಕೊಂಡಿದ್ದಳು. ತೊಯ್ವೊಗೆ ಎಪ್ಪತ್ತನಾಲ್ಕು. ಎರಡು ವರ್ಷದಿಂದ ಹೃದಯ ಕೈಕೊಡುತ್ತಿತ್ತು. ಸೋಮವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದವನು ಹಿಡಿದಂತೆಯೇ ಹೋಗಿಬಿಟ್ಟ. ಅವಳಿಗೆ ತಡೆಯಲಾಗದೆ ಹೋದದ್ದು ಮಂಗಳವಾರ, ಶವಸಂಸ್ಕಾರ ನಡೆಸಿಕೊಡುವ ಬೆಲೈರ್‌ನ ಕಚೇರಿಯಲ್ಲಿ.

ವಿಮೆ ಕಾಗದಗಳ ಜೊತೆ ತೊಯ್ವೊ ಇಟ್ಟಿದ್ದ, ಅಂಟು ಹಾಕಿದ ಕಂದು ಲಕೋಟೆಯನ್ನು ಅವಳು ಬಿಚ್ಚದೆ ಹಾಗೇ ತಂದುಕೊಟ್ಟಿದ್ದಳು. ಸೈನ್ಯದಿಂದ ಬಿಡುಗಡೆಯಾದ ಪತ್ರ ಇದ್ದರೆ ಸ್ಮಶಾನದಲ್ಲಿ ಬಾವುಟ ಕೊಡುತ್ತಾರೆ, ಅಷ್ಟೇ ಅವಳ ಲೆಕ್ಕ. ಬೆಲೈರ್ ಲಕೋಟೆ ಹರಿದು ಓದಿದ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದ.

"ಹಿಲ್ಯಾ, ತೊಯ್ವೊ ಸೈನ್ಯದಲ್ಲಿ ಏನು ಮಾಡ್ತಿದ್ದ ಅಂತ ಹೇಳಿದ್ದ ನಿಮಗೆ?"

"ಅಡುಗೆ. ಕೊರಿಯಾದಲ್ಲಿ ಎರಡು ವರ್ಷ ಆಲೂಗೆಡ್ಡೆ ಸುಲಿದ. ಊರಿಗೆಲ್ಲ ಗೊತ್ತಲ್ಲ."

ಊರಿಗೆಲ್ಲ ಗೊತ್ತಿತ್ತು, ನಿಜ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ ತೊಯ್ವೊ, ಪ್ರತಿ ಮೇ ತಿಂಗಳು ಮಾಜಿ ಸೈನಿಕರ ಮೆರವಣಿಗೆ ಹೊರಟಾಗ ರಸ್ತೆ ಬದಿಯಲ್ಲಿ ನಿಂಬೆ ಪಾನಕ ಹಂಚುತ್ತಾ ನಿಲ್ಲುತ್ತಿದ್ದ. ಹಿಲ್ಯಾಳ ತಂಗಿ ಸೈಮಿಯ ಗಂಡ ವೈಕ್ಕೊ ಜರ್ಮನಿಯಲ್ಲಿದ್ದ ಸೈನ್ಯದ ಉಗ್ರಾಣದಲ್ಲಿ ಕಂಬಳಿ ಎಣಿಸಿ ಬಂದವನು. ಎದೆಯುಬ್ಬಿಸಿ ನಡೆದುಹೋಗುವಾಗ ಅವನು ಕೂಗುತ್ತಿದ್ದ: "ಏನ್ರಪ್ಪಾ, ಆಲೂಗೆಡ್ಡೆ ಸೇನಾಪತಿಗಳು ಚೆನ್ನಾಗಿದೀರಾ?" ತೊಯ್ವೊ ನಕ್ಕು ಅವನಿಗೂ ಒಂದು ಲೋಟ ಚಾಚುತ್ತಿದ್ದ. ಒಂದು ವರ್ಷ ಹಿಲ್ಯಾಗೇ ರೇಗಿಹೋಗಿತ್ತು. "ಗೆಡ್ಡೆ ಸುಲಿದೋನಿಗೆ ಇಷ್ಟೊಂದು ಬಿಗುಮಾನ ಯಾಕೆ? ಹೋಗಿ ಅವರ ಜೊತೆ ನಡೀಬಾರದಾ?" ಎಂದಿದ್ದಳು. ಅವನು ಇನ್ನೊಂದು ಲೋಟಕ್ಕೆ ಪಾನಕ ಸುರಿದಿದ್ದ.

ಬೆಲೈರ್ ಕಾಗದವನ್ನು ಅವಳತ್ತ ತಿರುಗಿಸಿದ. "ಇದು ಡಿಸ್ಟಿಂಗ್ವಿಶ್ಡ್ ಸರ್ವಿಸ್ ಕ್ರಾಸ್. ಇದಕ್ಕಿಂತ ದೊಡ್ಡ ಪದಕ ಅಮೆರಿಕದ ಸೈನ್ಯದಲ್ಲಿ ಇರೋದು ಒಂದೇ."

"ಹೆಸರು ತಪ್ಪಾಗಿರಬೇಕು."

"ಹೆಸರೂ ಅವನದೇ, ನಂಬರೂ ಅವನದೇ. ಭುಜಕ್ಕೆ ಎರಡು ಗುಂಡು ಬಿದ್ದಿತ್ತು ಅಂತಲೂ ಇದೆ."

 ಐವತ್ತು ವರ್ಷ ಪ್ರತಿ ಶನಿವಾರ ಸೌನಾ ಸ್ನಾನದ ಬಿಸಿ ಹಬೆಯಲ್ಲಿ ಹಿಲ್ಯಾ ಆ ಭುಜವನ್ನು ಉಜ್ಜಿದ್ದಳು. ಕುದಿಯೋ ಎಣ್ಣೆ ಸಿಡಿದ ಕಲೆ ಅಂದಿದ್ದ.

ಕಾಗದದಲ್ಲಿ ಇದ್ದದ್ದು ಹದಿನಾಲ್ಕೇ ಸಾಲು. ಗುಡ್ಡದ ಮೇಲಿನ ತುಕಡಿಗೆ ಊಟ ಹೊತ್ತು ಹೋದ ಅಡುಗೆಯವನು ಕಾರ್ಪೊರಲ್ ತೊಯ್ವೊ ರೌತಿಯೊ, ಅಲ್ಲಿ ಎಲ್ಲರೂ ಸತ್ತೋ ಗಾಯಗೊಂಡೋ ಬಿದ್ದಿರುವುದನ್ನು ಕಂಡು, ಸುರಿಯುವ ಗುಂಡಿನ ನಡುವೆ ಏಳು ಮಂದಿಯನ್ನು ಒಬ್ಬೊಬ್ಬರನ್ನಾಗಿ ಬೆನ್ನ ಮೇಲೆ ಹೊತ್ತು ಕೆಳಗೆ ತಂದ. ಕೊನೆಯಲ್ಲಿ ತಾರೀಖು: ಒಂಬತ್ತು ಅಕ್ಟೋಬರ್, ೧೯೫೧.

ಆ ತಾರೀಖು ಅವಳಿಗೆ ಬಾಯಿಪಾಠ. ಅವಳ ಅಣ್ಣ ಐನೊ ಸತ್ತ ದಿನ ಅದು.

ಅಣ್ಣನ ಗಡಿಯಾರ ಹಿಡಿದುಕೊಂಡೇ ಅಲ್ಲವೇ ತೊಯ್ವೊ ಮೊದಲ ಸಲ ಅವರ ಮನೆಗೆ ಬಂದದ್ದು! "ತುಕಡಿಯಲ್ಲಿ ನಮ್ಮ ಫಿನ್ನಿಶ್ ಭಾಷೆ ಮಾತಾಡೋರು ನಾವಿಬ್ಬರೇ ಇದ್ವಿ. ನಾನು ಅಡುಗೆಯವನು, ಬಡಿಸೋವಾಗ ಪರಿಚಯ," ಎಂದಿದ್ದ. "ನನ್ನ ಮಗ ತುಂಬ ನರಳಿದನಾ?" ಎಂದು ಅಮ್ಮ ಕೇಳಿದ್ದಳು. "ಇಲ್ಲಮ್ಮ. ಶೆಲ್ ಬಿತ್ತಂತೆ, ತಕ್ಷಣ ಹೋಗಿಬಿಟ್ಟನಂತೆ. ನಾನು ಕೆಳಗೆ ಅಡುಗೆಮನೇಲಿದ್ದೆ," ಎಂದಿದ್ದ. ಅಮ್ಮ ಅಂದು ಅವನನ್ನು ಊಟಕ್ಕೆ ನಿಲ್ಲಿಸಿಕೊಂಡಳು. ಮರುವರ್ಷ ಹಿಲ್ಯಾಳ ಜೊತೆ ಅವನ ಮದುವೆ ಆಯಿತು.

ಕೆಳಗೆ ಇರಲಿಲ್ಲ ಅವನು. ಮೇಲೇ ಇದ್ದ.

ಪತ್ರಿಕೆಯಲ್ಲಿ ಸಾವಿನ ಸುದ್ದಿ ಪದಕದ ಹೆಸರಿನೊಡನೆ ಬಂತು. ಊರು ಬಾಯಿ ತೆರೆದು ನಿಂತಿತು. ವೈಕ್ಕೊ ಎರಡು ದಿನ ಮನೆಯಿಂದ ಹೊರಬರಲಿಲ್ಲ. ಶುಕ್ರವಾರ ಚರ್ಚಿನಲ್ಲಿ ಶವಪೆಟ್ಟಿಗೆಯ ಮುಂದೆ ಜನ ಸಾಲುಗಟ್ಟಿದ್ದರು. ತೊಯ್ವೊನ ಬಸ್ಸಿನಲ್ಲಿ ಓದಲು ಹೋಗಿದ್ದವರು ಈಗ ತಮ್ಮ ಮಕ್ಕಳ ಕೈ ಹಿಡಿದು ಬಂದಿದ್ದರು. ಸಾಲಿನ ಕೊನೆಯಲ್ಲಿ ಊರುಗೋಲು ಹಿಡಿದ ಅಪರಿಚಿತ ಮುದುಕನೊಬ್ಬ ನಿಂತಿದ್ದ. ಜನ ಕರಗಿದ ಮೇಲೆ ಹಿಲ್ಯಾಳ ಪಕ್ಕ ಬಂದು ಕೂತ.

"ಡೆಲ್ಮರ್ ಫಾಸ್ ಅಂತ. ಸುದ್ದಿ ಇಂಟರ್‌ನೆಟ್‌ನಲ್ಲಿ ಕಂಡು ನೆಬ್ರಾಸ್ಕಾದಿಂದ ಎರಡು ದಿನ ಗಾಡಿ ಓಡಿಸ್ಕೊಂಡು ಬಂದೆ. ಇವರನ್ನ ನಲವತ್ತು ವರ್ಷ ಹುಡುಕಿದೀನಮ್ಮ, ಸಿಗಲೇ ಇಲ್ಲ."

"ಏಳು ಜನರಲ್ಲಿ ನೀವೂ ಒಬ್ಬರಾ?"

"ಏಳನೆಯವನು ನಾನೇ."

ಹಿಲ್ಯಾ ಕೇಳಲೋ ಬೇಡವೋ ಎಂದು ಕೈ ಹಿಸುಕಿಕೊಂಡಳು. ಆಮೇಲೆ ಕೇಳಿಯೇಬಿಟ್ಟಳು. "ಅಲ್ಲಿ ಐನೊ ಸಾರಿ ಅಂತ ಒಬ್ಬ ಇದ್ದನಾ?"

ಡೆಲ್ಮರ್ ಅವಳ ಮುಖವನ್ನೇ ನೋಡಿದ. "ನಿಮಗೆ ಆ ಹೆಸರು ಹೇಗೆ ಗೊತ್ತು?"

"ನನ್ನ ಅಣ್ಣ."

ಮುದುಕನ ಊರುಗೋಲು ಜಾರಿ ನೆಲಕ್ಕೆ ಬಿತ್ತು. ಅವನು ಎದ್ದು ಹೋಗಿಬಿಡುತ್ತಾನೇನೋ ಎಂದುಕೊಂಡಳು. ಹೋಗಲಿಲ್ಲ. ತಲೆ ತಗ್ಗಿಸಿ, ತಡೆತಡೆದು ಹೇಳಿದ.

"ಆರು ಜನರನ್ನ ಇಳಿಸಿ ಆಗಿತ್ತು. ನಾವಿಬ್ಬರೇ ಉಳಿದಿದ್ವಿ. ನನಗೆ ಕಾಲು, ನಿಮ್ಮಣ್ಣನಿಗೆ ಹೊಟ್ಟೆ. ಮೇಲೆ ಬರೋಷ್ಟರಲ್ಲಿ ಇವರಿಗೂ ಗುಂಡು ತಗುಲಿತ್ತು. ಬಂದವರು ಮೊದಲು ನಿಮ್ಮಣ್ಣನ ಹತ್ರಾನೇ ಕೂತ್ರು, ಎತ್ತೋದಕ್ಕೂ ಹೋದ್ರು. ಅವನು ಇವರ ಎದೆಗೆ ಕೈಯಿಟ್ಟು ತಳ್ಳಿದ. ಏನೋ ಜಗಳ ಆಡಿದ್ರು, ನಿಮ್ಮ ಭಾಷೇಲಿ. ಆಮೇಲೆ ಇವರು ಅಳ್ತಾ ಬಂದು ನನ್ನನ್ನ ಎತ್ಕೊಂಡ್ರು. ಕೆಳಗೆ ಬಿಟ್ಟು ಮತ್ತೆ ಹತ್ತಿದ್ರು. ಅಷ್ಟರಲ್ಲಿ ಅವನು ಹೋಗಿದ್ದ."

"ಎಷ್ಟು ಹೊತ್ತು ಜೀವ ಇತ್ತು?"

"ಸುಳ್ಳು ಹೇಳಲಾ?"

"ಬೇಡ. ಸುಳ್ಳು ಸಾಕು."

"ಮೂರು ಗಂಟೆ."

ಹಿಲ್ಯಾ ಎದ್ದು ಶವಪೆಟ್ಟಿಗೆಯತ್ತ ನಡೆದಳು. ಬಾಚಿದ ಬಿಳಿ ಕೂದಲು, ಮುಚ್ಚಿದ ಕಣ್ಣು. ಹೊಡೆಯಬೇಕು ಅನ್ನಿಸಿತು ಅವಳಿಗೆ. ಕೈ ಕೂಡ ಎದ್ದಿತ್ತು. ಅಮ್ಮನ ಮೇಜಿನ ಮುಂದೆ ಕೂತು ಇಪ್ಪತ್ತೆರಡು ಕ್ರಿಸ್‌ಮಸ್ ಊಟ ಮಾಡಿದ್ದ ಇವನು. ಅಮ್ಮ ಸಾಯುವಾಗ ಅವಳ ಕೈ ಹಿಡಿದು ಕೂತಿದ್ದವನೂ ಇವನೇ.

"ಒಂದು ಮಾತು," ಎಂದ ಡೆಲ್ಮರ್ ಹಿಂದಿನಿಂದ. "ತಳ್ಳುವಾಗ ನಿಮ್ಮಣ್ಣ ಒಂದೇ ಮಾತು ಮತ್ತೆ ಮತ್ತೆ ಹೇಳ್ತಿದ್ದ. ಮೆನೆ, ಮೆನೆ ಅಂತ. ನನಗೇ ಶಾಪ ಹಾಕ್ತಿದಾನೆ ಅಂದ್ಕೊಂಡಿದ್ದೆ. ಐವತ್ತಮೂರು ವರ್ಷ ಆಯ್ತು. ಕಿವೀಲೇ ಇದೆ."

ಹಿಲ್ಯಾ ತಿರುಗಿದಳು. ಬಂದು ಮತ್ತೆ ಅವನ ಪಕ್ಕ ಕೂತಳು.

"ಶಾಪ ಅಲ್ಲ. ಹೋಗು ಅಂತ. ಹೋಗು, ಹೋಗು ಅಂತಿದ್ದ ತೊಯ್ವೊಗೆ."

ಡೆಲ್ಮರ್ ಮುಖ ಮುಚ್ಚಿಕೊಂಡ. ಅವನ ಅಳು ಕೇಳಿ ಚರ್ಚಿನ ಅಡುಗೆಮನೆಯಲ್ಲಿ ಕಾಫಿ ಕಾಯಿಸುತ್ತಿದ್ದ ಸೈಮಿ ಓಡಿಬಂದಳು.

ಮರುದಿನ ಬಂದೂಕುಗಳು ಮೂರು ಸುತ್ತು ಹಾರಿದವು, ತುತ್ತೂರಿ ಊದಿದರು. ಮಡಚಿದ ಬಾವುಟವನ್ನು ಸಮವಸ್ತ್ರದ ಹೆಣ್ಣುಮಗಳೊಬ್ಬಳು ಮಂಡಿಯೂರಿ ಹಿಲ್ಯಾಳ ತೊಡೆಯ ಮೇಲಿಟ್ಟಳು. ವೈಕ್ಕೊ ಹತ್ತಿರ ಬಂದು ಟೋಪಿ ತೆಗೆದ. "ಅತ್ತಿಗೆ, ನಾನು ಅವನಿಗೆ ಏನೇನೆಲ್ಲ ಅಂದೆ," ಎಂದು ಶುರುಮಾಡಿದ. 

"ನಾನೂ ಅಂದಿದೀನಿ ಕಣೋ," ಎಂದಳು ಹಿಲ್ಯಾ.

ಮನೆಗೆ ಬಂದ ಮೇಲೆ ಅಕ್ಕತಂಗಿಯರು ಕಾಫಿ ಲೋಟಗಳನ್ನು ತೊಳೆಯುತ್ತಿದ್ದರು. ಸೈಮಿ, "ಅಮ್ಮನಿಗೆ ಹೇಳದೇ ಇದ್ದದ್ದು ಒಳ್ಳೇದೇ ಆಯ್ತು ಬಿಡಕ್ಕ," ಎಂದಳು.

"ಅಮ್ಮನಿಗೆ ಬೇಡ. ನನಗೆ?"

"ಹೇಳಿದ್ದಿದ್ರೆ ಅವನನ್ನ ಮದುವೆ ಆಗ್ತಿದ್ಯಾ?"

ಹಿಲ್ಯಾ ಲೋಟ ಕೆಳಗಿಟ್ಟಳು. "ಗೊತ್ತಿಲ್ಲ ಕಣೇ. ನಿಜವಾಗ್ಲೂ ಗೊತ್ತಿಲ್ಲ."

ಡೆಲ್ಮರ್ ಹೊರಟು ನಿಂತಿದ್ದ. ಅವನಿಗೆ ದಾರಿಗೆಂದು ಏಲಕ್ಕಿ ಬ್ರೆಡ್ಡು ಕಟ್ಟಿಕೊಟ್ಟಳು. ಆಮೇಲೆ ಏನೋ ನೆನಪಾದವಳಂತೆ ಒಳಗೆ ಹೋಗಿ ಅಣ್ಣನ ಫೋಟೊ ತಂದಳು. ಆ ವಾರವಷ್ಟೇ ತುಕಡಿ ಸೇರಿದ್ದ ಡೆಲ್ಮರ್ ಅಂದು ಐನೊನನ್ನು ಕಂಡದ್ದು ರಕ್ತ, ಮಣ್ಣುಗಳ ನಡುವೆ ಮಾತ್ರ; ಹೆಸರು ಗೊತ್ತಾದದ್ದೂ ಆಮೇಲೆ. ಅವನು ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ.

"ನಾನು ಯಾರೋ ದೊಡ್ಡವರು ಅಂದ್ಕೊಂಡಿದ್ದೆ," ಎಂದ. "ಎಷ್ಟು ವಯಸ್ಸು ಆಗ ಇವನಿಗೆ?"

"ಇಪ್ಪತ್ತು," ಎಂದಳು ಹಿಲ್ಯಾ.