ಉದುರದ ತೆನೆ

ಆಪರೇಶನ್ ಆಗಿ ಮನೆಗೆ ಬಂದ ಮೇಲೆ ಜರ್ಟ್ರೂಡಳಿಗೆ ರಾತ್ರಿಯ ನಿದ್ದೆ ಹೋಗಿ ಹಗಲಿನ ನಿದ್ದೆ ಬಂತು. ಗರ್ಭಕೋಶ ತೆಗೆದಿದ್ದರು. ಪಾಠ ಮಾಡಲು ಶಾಲೆಗೆ ಹೋಗುವಂತಿರಲಿಲ್ಲ. ದೋಹಾದ ಅಲ್ ಸದ್ದ್‌ನ ಫ್ಲ್ಯಾಟಿನಲ್ಲಿ ಸೋಫಾದ ಮೇಲೆ ಮಲಗಿದರೆ ಕೆಳಗಿನ ರಸ್ತೆಯ ಹಾರ್ನುಗಳೂ ಪಕ್ಕದ ಮನೆಯ ಕುಕ್ಕರಿನ ಸೀಟಿಯೂ ನೀರಿನಡಿಯಿಂದ ಬಂದ ಹಾಗೆ ಕೇಳುತ್ತಿದ್ದವು. ಎಚ್ಚರವೆಲ್ಲಿ ಮುಗಿಯಿತು, ಕನಸೆಲ್ಲಿ ಶುರುವಾಯಿತು ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಗಂಡ ಯೂಸ್ಟೇಸ್ ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಆಪರೇಟರ್. ಶಿಫ್ಟಿನ ದಿನಗಳು ಮುಗಿದು ರಜೆ ಬಂತೆಂದರೆ ಅವನು ಮನೆಯಲ್ಲಿ ಕೂರುವವನಲ್ಲ. ಅವನಿಗೆ ಹುಡುಕುವ, ಹೆಕ್ಕುವ ಚಟ. ಬೆಳ್ಮಣ್ಣಿನಲ್ಲಿ ಹುಡುಗನಾಗಿದ್ದಾಗ ಮೊದಲ ಮಳೆಗೆ ಗುಡ್ಡದಲ್ಲಿ ಕಲ್ಲಣಬೆ ಕೆದಕುತ್ತಿದ್ದವನು ಇಲ್ಲಿ ಮರುಭೂಮಿಯಲ್ಲಿ ಫಗ್ಗಾ ಹುಡುಕುತ್ತಾನೆ. ಚಳಿಗಾಲದ ಮಳೆ, ಸಿಡಿಲು ಚೆನ್ನಾಗಿ ಆದ ವರ್ಷ ಮರಳಿನಡಿಯಲ್ಲಿ ಆಲೂಗಡ್ಡೆಯಂತೆ ಉಬ್ಬುವ ಅಣಬೆ ಅದು. ಆ ವರ್ಷ ಡಿಸೆಂಬರಿನಲ್ಲೇ ಎರಡು ಸಲ ಮಳೆ ಬಿದ್ದಿತ್ತು.

"ನೀನೂ ಬಾ ಜೆರ್ಟಿ. ಇಲ್ಲಿ ಗೋಡೆ ನೋಡಿಕೊಂಡು ಎಂತ ಮಾಡ್ತೀ? ಅಲ್ಲಿ ಮರದಡಿಯಲ್ಲಿ ಮಲಗು."

ಅವರ ಫ್ಲ್ಯಾಟಿನ ಗೋಡೆಯಲ್ಲಿ ನೋಡಲು ಏನೂ ಇರಲಿಲ್ಲ. ಬಂದು ಇಪ್ಪತ್ತು ವರ್ಷ ದಾಟಿದರೂ ಒಂದು ಪಟ ತೂಗುಹಾಕಿರಲಿಲ್ಲ. 'ಇನ್ನೊಂದು ವರ್ಷ, ಆಮೇಲೆ ಊರಿಗೆ' ಎಂದುಕೊಂಡೇ ಮಗಳು ಪರ್ಲ್ ಹುಟ್ಟಿ, ಬೆಳೆದು, ಮಂಗಳೂರಿನ ಕಾಲೇಜು ಹಾಸ್ಟೆಲು ಸೇರಿಯಾಗಿತ್ತು. ಬಾಲ್ಕನಿಯಲ್ಲಿ ಒಂದು ತುಳಸಿಯಷ್ಟು ಗಿಡವೂ ಇರಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ನೀರು ಹಾಕುವವರು ಯಾರು?

ಜರ್ಟ್ರೂಡ್ ಹೊರಟಳು.

ದೋಹಾ ದಾಟಿ ಬಡಗು ದಿಕ್ಕಿಗೆ ಹೋಗಿ, ಡಾಮರು ಬಿಟ್ಟು, ಸಣ್ಣ ಕಲ್ಲುಗಳ ಮೇಲೆ ಕಾರು ಕುಲುಕುತ್ತ ಒಂದು ತಗ್ಗಿಗೆ ಇಳಿಯಿತು. ಮಳೆನೀರು ಹರಿದು ಬಂದು ನಿಲ್ಲುವ ಇಂಥ ತಗ್ಗನ್ನು ಇಲ್ಲಿಯವರು ರೌದಾ ಎನ್ನುತ್ತಾರೆ. ನಡುವೆ ಒಂದು ಸಿದ್ರಾ ಮರ, ನಮ್ಮ ಬೋರೆಹಣ್ಣಿನ ಮರದ ಜಾತಿಯದು. ಅದರ ನೆರಳಲ್ಲಿ ಯೂಸ್ಟೇಸ್ ಚಾಪೆ ಹಾಸಿದ, ದಿಂಬಿಟ್ಟ, ನೀರಿನ ಬಾಟಲಿ ಇಟ್ಟ. ಆಮೇಲೆ ಕೈಚೀಲ ಹಿಡಿದು, ಬಗ್ಗಿಸಿದ ತಲೆಯನ್ನು ಎತ್ತದೆ ನಡೆದು ಹೋದ. ಅವನು ಚಿಕ್ಕವನಾಗುತ್ತಾ ಆಗುತ್ತಾ ಬಿಸಿಲಿನೊಳಗೆ ಕರಗುವುದನ್ನು ನೋಡುತ್ತಲೇ ಅವಳಿಗೆ ಕಣ್ಣು ಮುಚ್ಚಿತು.

ಕಡಲಿನ ಸದ್ದು ಕೇಳಿಸಿತು. ಅಲ್ಲಿಗೆ ಕಡಲು ಹತ್ತಿರವೇನೂ ಅಲ್ಲ. ಒಬ್ಬ ಹೆಂಗಸು ಬೆನ್ನು ತಿರುಗಿಸಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದಳು. ಹುಲ್ಲಿನ ತೆನೆಗಳನ್ನು ಬೆರಳ ಸಂದಿಯಲ್ಲಿ ಜಗ್ಗಿ ಜಗ್ಗಿ ಬುಟ್ಟಿಗೆ ಹಾಕುತ್ತಿದ್ದಳು. ಅವಳ ಬೆನ್ನಿನ ಎಲುಬುಗಳ ಮೇಲೆ ಬಿಸಿಲು ಬಿದ್ದಿತ್ತು. ಅವಸರವಿರಲಿಲ್ಲ. ಜರ್ಟ್ರೂಡಳಿಗೆ ಹೆದರಿಕೆಯೂ ಆಗಲಿಲ್ಲ. ಅಡಿಗೆಮನೆಯಲ್ಲಿ ಅಮ್ಮ ಕೂತಿದ್ದಾಗ ನಾವು ಹಜಾರದಲ್ಲಿ ಮಲಗಿದರೆ ಎಷ್ಟು ನೆಮ್ಮದಿಯೋ ಅಷ್ಟು ನೆಮ್ಮದಿ.

ಎಚ್ಚರವಾದಾಗ ಹೆಂಗಸು ಇರಲಿಲ್ಲ. ಅವಳು ಕೂತಿದ್ದ ಕಡೆ ಹಸಿರಿತ್ತು.

ಜರ್ಟ್ರೂಡ್ ಹೊಟ್ಟೆಯ ಹೊಲಿಗೆಗೆ ಕೈ ಒತ್ತಿ ಎದ್ದು ಹೋಗಿ ನೋಡಿದಳು. ಎರಡು ಚಾಪೆ ಹಾಸುವಷ್ಟು ಜಾಗದಲ್ಲಿ ಗೇಣುದ್ದದ ಹುಲ್ಲು, ಭತ್ತದ ನೇಜಿಯ ಹಾಗೆ ಒತ್ತಾಗಿ. ಪಕ್ಕದಲ್ಲಿ ಹಳೆಯ ಡೇರೆಯ ಗೂಟಗಳು, ಬೂದಿ, ಕುರಿ ಹಿಕ್ಕೆ, ಹರಿದ ಗೋಣಿಯ ತುಂಡು. ಗೋಣಿಯ ಮಡಿಕೆಯಲ್ಲಿ ಇನ್ನೂ ನಾಲ್ಕು ಕಾಳು ಉಳಿದಿದ್ದವು. ಬಾರ್ಲಿ. ಹಿಂದಿನ ಚಳಿಗಾಲ ಯಾರೋ ಇಲ್ಲಿ ಡೇರೆ ಹಾಕಿ ಕುರಿಗಳಿಗೆ ತಿನ್ನಲು ಹಾಕಿದ್ದರಲ್ಲಿ ಚೆಲ್ಲಿದ್ದು, ಬೇಸಗೆಯೆಲ್ಲ ಮಣ್ಣಲ್ಲಿ ಮಲಗಿದ್ದು ಈಗ ಎದ್ದಿತ್ತು.

ಆರನೇ ಕ್ಲಾಸಿಗೆ ಅವಳು ಸೋಶಿಯಲ್ ಕಲಿಸುತ್ತಾಳೆ. 'ಮನುಷ್ಯರು ಮೊದಲು ಅಲೆಮಾರಿಗಳಾಗಿದ್ದರು, ಬಳಿಕ ಬೇಸಾಯ ಕಲಿತರು' ಎಂದು ಪಾಠ. ಆ 'ಬಳಿಕ' ಎಂಬ ಮಾತಿನೊಳಗೆ ಸಾವಿರಾರು ವರ್ಷಗಳಿವೆ. ಒಮ್ಮೆ ಶಮ್ನಾ ಎಂಬ ಹುಡುಗಿ ಕೈ ಎತ್ತಿ, "ಮಿಸ್, ಫಸ್ಟ್ ಯಾರು ನಿಂತದ್ದು?" ಎಂದು ಕೇಳಿದ್ದಳು. ಅದು ಪರೀಕ್ಷೆಗೆ ಬರುವುದಿಲ್ಲ ಎಂದು ಜರ್ಟ್ರೂಡ್ ಮುಂದಿನ ಪುಟಕ್ಕೆ ಹೋಗಿದ್ದಳು.

ಯೂಸ್ಟೇಸ್ ಅರ್ಧ ಚೀಲ ಫಗ್ಗಾ ತಂದ. ಮಣ್ಣಿನ ವಾಸನೆ ಕಾರೆಲ್ಲ ತುಂಬಿತು. ಹಿಂದೆ ಬರುವಾಗ ಜರ್ಟ್ರೂಡ್ ಕೇಳಿದಳು, "ಮುಂದಿನ ರಜೆಗೂ ಇಲ್ಲಿಗೇ ಬರುವಾ?"

ಬಂದರು. ಮತ್ತೊಮ್ಮೆ ಬಂದರು. ಅವಳು ಮಲಗುವುದು ಕಡಿಮೆಯಾಯಿತು. ಬಾರ್ಲಿಯ ನಡುವೆ ಎದ್ದಿದ್ದ ಮುಳ್ಳುಗಿಡ ಕಿತ್ತಳು. ಮನೆಯಿಂದ ಕುಡಿಯುವ ನೀರಿನ ದೊಡ್ಡ ಕ್ಯಾನು ತರಿಸಿ ಲೋಟದಲ್ಲಿ ಬುಡಕ್ಕೆ ಹನಿಸಿದಳು. ಗಾಳಿ ಬೀಸಿದರೆ ಹಸಿರು ಒಂದೇ ಮೈಯಾಗಿ ಬಾಗಿ ಏಳುತ್ತಿತ್ತು. ಅದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯದು. ಕೆಲವೊಮ್ಮೆ ಕಡಲು ಕೇಳಿಸುತ್ತಿತ್ತು. ಆ ಹೆಂಗಸಿನ ಮುಖ ಮಾತ್ರ ಒಮ್ಮೆಯೂ ಕಾಣಲಿಲ್ಲ.

ಫೆಬ್ರವರಿ ನಡುವಿಗೆ ಆ ಕಡೆಯ ಫಗ್ಗಾ ಮುಗಿಯಿತು. ಯೂಸ್ಟೇಸ್ ಎರಡು ಸಲ ಬರಿಗೈಯಲ್ಲಿ ಹಿಂದೆ ಬಂದ. ಮೂರನೆಯ ಸಲ ಹೊರಡುವಾಗ ಹೇಳಿದ, "ಇವತ್ತು ಬೇರೆ ಕಡೆ ಹೋಗುವ. ಅಲ್ಲಿ ರಾಶಿ ಉಂಟಂತೆ, ಪ್ಲಾಂಟಿನವರು ಹೇಳಿದರು. ಆ ಜಾಗ ಖಲಾಸ್."

"ನನ್ನನ್ನು ಅಲ್ಲೇ ಬಿಟ್ಟು ಹೋಗಿ."

"ಒಬ್ಬಳನ್ನೇ? ತಲೆ ಸರಿ ಉಂಟಾ ನಿಂಗೆ? ಸಿಗುವಲ್ಲಿಗೆ ಹೋಗ್ಬೇಕು ಜೆರ್ಟಿ, ಸಿಗದಲ್ಲಿ ಕೂತು ಎಂತ ಮಾಡುದು?"

"ತೆನೆ ಹೊರಡುವ ಹೊತ್ತು. ನೀವು ಹೋಗಿ. ನಾನು ಅಲ್ಲೇ ಇರ್ತೇನೆ."

ಹೇಳಿದ ಮೇಲೆ ಅವಳಿಗೆ ತನ್ನ ಮಾತೇ ವಿಚಿತ್ರವೆನಿಸಿತು. ಎಷ್ಟೋ ಕಾಲದ ಹಿಂದೆ ಯಾರೋ ಹೀಗೇ ಹೇಳಿರಬೇಕು. ಗಂಟುಮೂಟೆ ಹೊತ್ತವರು ದೂರದಲ್ಲಿ ನಿಂತು ಕರೆಯುತ್ತಿದ್ದಿರಬೇಕು.

ಯೂಸ್ಟೇಸ್ ಗೊಣಗುತ್ತಲೇ ಅವಳನ್ನು ಮರದಡಿಯಲ್ಲಿ ಇಳಿಸಿದ. ಫೋನಿಗೆ ಸಿಗ್ನಲ್ ಉಂಟೆಂದು ನೋಡಿ, ಒಂದು ತಾಸಿನಲ್ಲಿ ಬರುತ್ತೇನೆಂದು ಹೋದ.

ತೆನೆ ಹೊರಟಿತ್ತು. ಬೆಕ್ಕಿನ ಮೀಸೆಯಂಥ ಉದ್ದ ಮುಳ್ಳುಗಳು ಬೆಳಕು ಹಿಡಿದು ಮಿನುಗುತ್ತಿದ್ದವು. ಜರ್ಟ್ರೂಡ್ ಚಾಪೆಯ ಮೇಲೆ ಒರಗಿ ಅರೆಗಣ್ಣಾಗಿದ್ದಾಗ ದಿಬ್ಬದ ಮೇಲೆ ಉದ್ದ ಕುತ್ತಿಗೆಗಳು ತೇಲಿದವು. ಕನಸು ಎಂದುಕೊಂಡಳು. ಕುತ್ತಿಗೆಗಳು ಇಳಿದು ಬಂದವು. ಮೊದಲ ಒಂಟೆ ತೆನೆಗೆ ಬಾಯಿ ಹಾಕಿದಾಗ ಅವಳಿಗೆ ಪೂರ್ತಿ ಎಚ್ಚರವಾಯಿತು.

"ಹೋಯ್! ಹೋಯ್! ಯಲ್ಲಾ! ಯಲ್ಲಾ ಹೋಗು!"

ಭಾರ ಎತ್ತಬಾರದು, ಓಡಬಾರದು ಎಂದು ಡಾಕ್ಟರು ಹೇಳಿದ್ದೆಲ್ಲ ಮರೆಯಿತು. ಬಿಸಿಲಿಗೆಂದು ತಂದಿದ್ದ ಕೊಡೆ ಬಿಚ್ಚಿ ಮುಂದೆ ಹಿಡಿದು ಓಡಿದಳು. ಕೊಡೆ ಕಂಡ ಒಂಟೆ ಹಿಂದೆ ಸರಿದು, ತೆನೆ ಜಗಿಯುತ್ತಲೇ ಅವಳನ್ನು ರೆಪ್ಪೆಗಳಡಿಯಿಂದ ನೋಡಿತು. ಅಷ್ಟರಲ್ಲಿ ಕಾಯುವವನು ಪಿಕಪ್ಪಿನಲ್ಲಿ ಬಂದ. ಸುಡಾನಿನವನು, ಇದ್ರೀಸ್ ಎಂದು ಹೆಸರು. ಕೊಡೆ ಹಿಡಿದು ಏದುಸಿರು ಬಿಡುತ್ತಿದ್ದ ಹೆಂಗಸನ್ನು ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ.

"ಮಾಫಿ ಮುಶ್ಕಿಲ್, ಮದಾಮ್. ಘಾಸ್ ಹೈ" ಎಂದ, ತೊಂದರೆಯೇನಿಲ್ಲ, ಬರೀ ಹುಲ್ಲಲ್ಲವೇ ಎಂಬಂತೆ.

"ಘಾಸ್ ನಹೀಂ! ಯೇ ಮೇರಾ ಹೈ" ಎಂದಳು ಜರ್ಟ್ರೂಡ್. ಈ ದೇಶದ ನೆಲದಲ್ಲಿ ಒಂದು ವಸ್ತುವನ್ನು ತೋರಿಸಿ ನನ್ನದು ಎಂದದ್ದು ಅವಳಿಗೆ ಅದೇ ಮೊದಲು. ಕೆನ್ನೆ ಬಿಸಿಯಾಯಿತು. ಇದ್ರೀಸ್ ಹೆಚ್ಚು ಕೇಳದೆ ಒಂಟೆಗಳನ್ನು ಅಟ್ಟಿಕೊಂಡು ಹೋದ.

ಯೂಸ್ಟೇಸ್ ಬಂದು ಅರ್ಧ ತಿಂದ ತೆನೆಗಳನ್ನೂ ಮರಳಲ್ಲಿ ಅವಳ ಓಟದ ಹೆಜ್ಜೆಗಳನ್ನೂ ನೋಡಿದ. "ನೀನು ಓಡಿದ್ದಾ?" ಎಂದು ಕೇಳಿದ. ನೋವುಂಟಾ ಎಂದು ಮತ್ತೆ ಮತ್ತೆ ಕೇಳಿದ. ಇಲ್ಲವೆಂದಳು. ಆಪರೇಶನ್ ಆದ ಮೇಲೆ ಅವಳ ಮುಖದಲ್ಲಿ ಅಷ್ಟು ರಕ್ತ ಕಂಡದ್ದು ಅವನಿಗೆ ಅಂದೇ. ಚೀಲದ ತುಂಬ ಫಗ್ಗಾ ತಂದಿದ್ದನ್ನು ತೋರಿಸಲೂ ಮರೆತು, ಕಾರಿನಿಂದ ನೈಲಾನ್ ಹಗ್ಗ ತೆಗೆದ. ಹಳೆಯ ಗೂಟಗಳನ್ನು ಕಿತ್ತು ಸುತ್ತ ನೆಟ್ಟ. ಒಣ ಮುಳ್ಳು ಎಳೆದು ತಂದು ಹಗ್ಗಕ್ಕೆ ಸಿಕ್ಕಿಸಿದ. ಸಂಜೆಯ ಹೊತ್ತಿಗೆ ಬೇಲಿಯಾಯಿತು. ಕೋಟೆ ಕಟ್ಟಿದವನ ಹಾಗೆ ಸುತ್ತು ಬಂದು, "ಒಂಟೆಗೆ ಇದು ಎಂತ ಲೆಕ್ಕ? ಆದ್ರೂ ಇರ್ಲಿ" ಎಂದ.

ಮಾರ್ಚ್ ಕೊನೆಗೆ ತೆನೆ ಬಂಗಾರದ ಬಣ್ಣಕ್ಕೆ ತಿರುಗಿತು. ಕೊಯ್ಯಲು ಹೋದ ದಿನ ಬಡಗಿನ ಗಾಳಿ ಜೋರಾಗಿತ್ತು. ಕತ್ತರಿ ತಂದಿದ್ದರು. ಮುಟ್ಟಿದ ಕೂಡಲೇ ಕೆಲವು ತೆನೆಗಳು ಚೂರುಚೂರಾಗಿ ಕಾಳು ಮರಳಿಗೆ ಬಿತ್ತು. ಉಳಿದವು ಕೈಗೆ ಬರುವವರೆಗೆ ಬಿಗಿಯಾಗಿ ನಿಂತವು. ಸಿಕ್ಕಿದ್ದನ್ನು ಜರ್ಟ್ರೂಡ್ ಮಡಿಲಿಗೆ ಹಾಕಿಕೊಂಡಳು. ನಿಂತದ್ದು ಮನೆಗೆ ಬರುತ್ತದೆ, ಮನೆಗೆ ಬಂದದ್ದೇ ಮುಂದಿನ ಬಿತ್ತನೆಗೆ ಹೋಗುತ್ತದೆ. ವರ್ಷ ವರ್ಷ ಹೀಗೆ ಹೋದರೆ ಉದುರುವ ಜಾತಿ ಕಳೆದು ಕಾಯುವ ಜಾತಿ ಉಳಿಯುತ್ತದೆ. ಮೊದಲು ಬೇಸಾಯಕ್ಕೆ ನಿಂತವರಿಗೆ ಇದನ್ನು ಯಾರೂ ಕಲಿಸಿರಲಿಕ್ಕಿಲ್ಲ. ಕೈಗಳು ತಮ್ಮಷ್ಟಕ್ಕೆ ಮಾಡಿದ ಕೆಲಸ. ಕಾಳು ಕೈಯನ್ನು ಕಾಯಿತು, ಕೈ ಕಾಳನ್ನು ಕಾಯಿತು. ಅವಳ ಕಣ್ಣು ಮಂಜಾಯಿತು. ಕಣ್ಣಿಗೆ ಧೂಳು ಹೋಯಿತು ಎಂದಳು.

ಒಂದು ಪಾಲು ಇದ್ರೀಸನಿಗೆ ಕೊಡಬೇಕೆಂದು ಅವಳ ಹಟ. ಅವನ ಬಿಡಾರಕ್ಕೆ ಹೋಗಿ ಒಂದು ಹಿಡಿ ತೆನೆ ಕೊಟ್ಟರು. ಅವನು ಎದೆಗೆ ಕೈಯಿಟ್ಟು ಶುಕ್ರನ್ ಎಂದು ತೆಗೆದುಕೊಂಡು, ತಿರುಗಿ, ಆ ವಾರ ಕರು ಹಾಕಿದ್ದ ಒಂಟೆಯ ಬಾಯಿಗೇ ನೇರವಾಗಿ ಹಿಡಿದ. ಜರ್ಟ್ರೂಡ್ ಬಾಯಿ ತೆರೆದು ನಿಂತಳು. ಯೂಸ್ಟೇಸ್ ನಗಲಾರಂಭಿಸಿದ. ಅವಳಿಗೂ ಹೊಲಿಗೆ ಹಿಡಿದುಕೊಂಡು ನಗಬೇಕಾಯಿತು.

ಮನೆಯಲ್ಲಿ ತೆನೆ ಉಜ್ಜಿ, ತೂರಿದಾಗ ಒಂದು ಪಾವಿನಷ್ಟು ಕಾಳಾಯಿತು. ಊರಿನ ತೆನೆಹಬ್ಬಕ್ಕೆ ಇನ್ನೂ ತಿಂಗಳುಗಳಿದ್ದವು, ಅದು ಭತ್ತದ ಹಬ್ಬ, ಮೇಲಾಗಿ ಇದು ಈಸ್ಟರಿಗೆ ಮೊದಲಿನ ಉಪವಾಸದ ತಪಸ್ಸುಕಾಲ. ಆದರೂ ಜರ್ಟ್ರೂಡ್ ಒಂದಷ್ಟು ಕಾಳು ಹುರಿದು ಕುಟ್ಟಿ, ತೆಂಗಿನ ಹಾಲು ಬೆಲ್ಲಕ್ಕೆ ಬೆರೆಸಿದಳು. ಯೂಸ್ಟೇಸ್ ಶಿಲುಬೆಯ ಗುರುತು ಮಾಡಿ, ತೆನೆಹಬ್ಬದಲ್ಲಿ ಹೊಸ ಅಕ್ಕಿ ಹಂಚುವ ಮನೆಯ ಯಜಮಾನನ ಗತ್ತಿನಲ್ಲಿ ಅವಳಿಗೆ ಮೊದಲ ಚಮಚ ಕೊಟ್ಟ. ಹೊಟ್ಟು ಸರಿಯಾಗಿ ಹೋಗಿರಲಿಲ್ಲ. ಗಂಟಲಿಗೆ ಚುಚ್ಚಿತು. ಇಬ್ಬರೂ ಪಾತ್ರೆ ಕೆರೆದು ತಿಂದರು.

"ಉಳಿದದ್ದನ್ನೂ ಗಂಜಿ ಮಾಡು."

"ಅದು ಬೀಜಕ್ಕೆ."

"ಬೀಜಕ್ಕಾ? ಹಾಗಾದ್ರೆ ಬರುವ ವರ್ಷವೂ ಇಲ್ಲೇ?"

ಅವಳು ಉಳಿದ ಕಾಳನ್ನು ಡಬ್ಬಿಗೆ ತುಂಬಿ ಮುಚ್ಚಳ ಬಿಗಿದಳು. ಏಪ್ರಿಲಿನಲ್ಲಿ ಅವಳು ಶಾಲೆಗೆ ಹೋಗತೊಡಗಿದಳು. ರಾತ್ರಿಯ ನಿದ್ದೆ ಹಿಂದೆ ಬಂತು, ಕಡಲಿನ ಸದ್ದು ನಿಂತಿತು.

ಮುಂದಿನ ನವೆಂಬರಿನಲ್ಲಿ ಹೋದಾಗ ಆ ಮರದಡಿಯಲ್ಲಿ ಬೇರೆ ಯಾರದೋ ಡೇರೆ ಎದ್ದಿತ್ತು. ಜನರೇಟರ್ ಓಡುತ್ತಿತ್ತು, ಮಕ್ಕಳು ಆಡುತ್ತಿದ್ದರು. ಜರ್ಟ್ರೂಡ್ ಸ್ವಲ್ಪ ಹೊತ್ತು ಕಾರಿನಲ್ಲೇ ಕೂತು ನೋಡಿದಳು. ಜಾಗ ಅವರದ್ದೂ ಅಲ್ಲ, ಇವಳದ್ದೂ ಅಲ್ಲ. ಇನ್ನೂ ಮುಂದೆ ಹೋಗಿ, ಮರವಿಲ್ಲದ ಒಂದು ಸಣ್ಣ ತಗ್ಗು ಹುಡುಕಿ, ಮಣ್ಣು ಕೆದಕಿ ಬಿತ್ತಿದರು. ಯೂಸ್ಟೇಸ್ ಒಂದೇ ಕಡೆ ರಾಶಿ ಸುರಿದನೆಂದು ಅವಳು ಬೈದಳು. ಮಳೆ ಬರಲಿಲ್ಲ. ಡಿಸೆಂಬರ್ ಒಣಗಿಯೇ ಹೋಯಿತು. ಹಕ್ಕಿಗಳು ತಿಂದಿರಬಹುದು ಎಂದುಕೊಂಡರು, ಆ ಮಾತು ಎತ್ತುವುದನ್ನೇ ಬಿಟ್ಟರು.

ಜನವರಿಯಲ್ಲಿ ಒಂದು ಮಳೆಯಾಯಿತು. ಅದಾಗಿ ವಾರ ಕಳೆದು ಒಂದು ಬೆಳಿಗ್ಗೆ ಜರ್ಟ್ರೂಡ್ ಶಾಲೆಗೆ ಹೊರಡುತ್ತಿದ್ದಾಗ ಯೂಸ್ಟೇಸ್ ಬಾಗಿಲು ತೆರೆದು ಬಂದ. ಕಂಪೆನಿ ಬಸ್ಸಿನಲ್ಲಿ ಬರಬೇಕಾದವನು ತಡವಾಗಿ, ಯಾರದೋ ಕಾರು ಹತ್ತಿ, ರಾತ್ರಿ ಶಿಫ್ಟಿನ ಸಮವಸ್ತ್ರದಲ್ಲೇ ಬಂದಿದ್ದ. ಬೂಟಿಗೆ ಒದ್ದೆ ಮಣ್ಣು ಮೆತ್ತಿತ್ತು. ಕೈಯಲ್ಲಿ ಚೀಲವಿರಲಿಲ್ಲ.

"ಬಂದಿದೆ" ಎಂದ.

"ಎಷ್ಟು ಎತ್ತರ?"

ಅವನು ತೋರುಬೆರಳಿನ ಮೇಲಿನ ಗೆಣ್ಣನ್ನು ಹೆಬ್ಬೆರಳಿನಿಂದ ಹಿಡಿದು ತೋರಿಸಿದ. ಆಮೇಲೆ ಬೂಟು ಬಿಚ್ಚಲೂ ತ್ರಾಣವಿಲ್ಲದೆ ಸೋಫಾದ ಮೇಲೆ ಒರಗಿ ನಿದ್ದೆಹೋದ. ಜರ್ಟ್ರೂಡ್ ಅವನ ಕಾಲಬಳಿ ಕೂತು, ಶಾಲೆಯ ಬಸ್ಸಿಗೆ ಹೊತ್ತಾಯಿತೆಂದು ಗೊತ್ತಿದ್ದೂ, ನಿಧಾನವಾಗಿ ಲೇಸು ಬಿಚ್ಚಿದಳು.