ಹೊಟ್ಟೆ ಬಿಟ್ಟ ಗೋಡೆ

ಪುಷ್ಕರಣಿಗೆ ಎಂಜಿನಿಯರು ಇಳಿದ ರೀತಿಯಲ್ಲೇ ಕಲ್ಲುಕುಟಿಗನಿಗೆ ಅವನ ಯೋಗ್ಯತೆ ತಿಳಿದುಹೋಯಿತು. ಮೆಟ್ಟಿಲು ನೋಡಿ ಇಳಿಯುವವನಲ್ಲ, ಬೂಟು ನೋಡಿಕೊಂಡು ಇಳಿಯುವವನು. ಕಂಕುಳಲ್ಲಿ ನಕ್ಷೆಯ ಸುರುಳಿ, ಕೊರಳಲ್ಲಿ ಗುರುತಿನ ಚೀಟಿ. ಈ ಪಾಳು ಕೊಳದಲ್ಲಿ ಇವನ ಗುರುತು ಯಾರಿಗೆ ಬೇಕಾಗಿತ್ತೋ.

ದೇವಸ್ಥಾನ ಎಂದೋ ನೆಲಸಮವಾಗಿತ್ತು. ಉಳಿದದ್ದು ಕೊಳ ಮಾತ್ರ. ತಳದಲ್ಲಿ ಮೊಣಕಾಲುದ್ದ ಹಸಿರು ನೀರು. ಮೂರು ಕಡೆಯ ಗೋಡೆಗಳು ಕಟ್ಟಿದವರು ಈಗಷ್ಟೇ ಕೈ ತೊಳೆಯಲು ಹೋದಂತೆ ನೆಟ್ಟಗೆ ನಿಂತಿದ್ದವು. ಪಡುವಣ ಗೋಡೆಯೊಂದು ಹೊಟ್ಟೆ ಬಿಟ್ಟುಕೊಂಡು ನಡುವೆ ಕುಸಿದಿತ್ತು. ಅದನ್ನು ಸರಿಮಾಡಲೆಂದೇ ಕಲ್ಲುಕುಟಿಗನನ್ನು ಕರೆಸಿದ್ದರು. ಜೊತೆಗೆ ಚಿಕ್ಕಪ್ಪನೂ ಬಂದಿದ್ದ. ವಯಸ್ಸಾಗಿದ್ದರೂ ಗೋಡೆಯ ಕೆಲಸವೆಂದರೆ ಮನೆಯಲ್ಲಿ ಕೂರುವ ಆಸಾಮಿಯಲ್ಲ.

ಕಲ್ಲುಕುಟಿಗ ಸಂದಿಯನ್ನು ಉಗುರಿನಿಂದ ಕೆರೆದ. ಸಿಮೆಂಟು. ಉಳಿದ ಗೋಡೆಗಳಲ್ಲಿ ಕಲ್ಲಿನ ಮೇಲೆ ಕಲ್ಲು, ನಡುವೆ ಏನೂ ಇಲ್ಲ. ಗೋಡೆಯ ಹಿಂದಿನ ಮಣ್ಣು ಕುಡಿದ ನೀರು ಸಂದಿಯಲ್ಲಿ ಜಿನುಗಿ ಕೊಳಕ್ಕಿಳಿಯುತ್ತಿತ್ತು. ಇಲ್ಲಿ ಯಾರೋ ಸಂದಿಗಳ ಬಾಯಿ ಮುಚ್ಚಿದ್ದರು. ದಾರಿ ಸಿಗದ ನೀರು ಗೋಡೆಯನ್ನೇ ತಳ್ಳಿತ್ತು.

"ಯಾವ ಕತ್ತೆ ಮಾಡಿದ ಕೆಲಸ ಇದು?"

ಅಲ್ಲಿಂದ ಅವನ ಬೈಗುಳ ನಿಲ್ಲಲಿಲ್ಲ. ಆ ಪುಣ್ಯಾತ್ಮ ಹಂದಿಗೂಡು ಕಟ್ಟುವುದಕ್ಕೂ ಲಾಯಕ್ಕಿಲ್ಲವೆಂದ, ಅವನ ಕೈಗೆ ಉಳಿ ಕೊಟ್ಟವನ ಕಣ್ಣು ಕುರುಡಾಗಿತ್ತೇ ಎಂದ. ಚಿಕ್ಕಪ್ಪ ಹಸಿರು ನೀರು ನೋಡುತ್ತ ಕೂತಿದ್ದ.

ಎಂಜಿನಿಯರು ನಕ್ಷೆ ಬಿಚ್ಚಿದ. ಹಿಂದಿನ ರಿಪೇರಿ ನಲವತ್ತು ವರ್ಷ ನಿಂತಿದೆ, ಹಾಗೆಯೇ ಮಾಡಬೇಕು, ಸಿಮೆಂಟು ಇನ್ನಷ್ಟು ದಪ್ಪಗಿರಲಿ, ಒಪ್ಪಿಗೆಯಾದದ್ದು ಹಾಗೇ. ಆಗದಿದ್ದರೆ ಬೇರೆಯವರು ಸಿಗುತ್ತಾರೆ ಎಂದು ಹೇಳಿ, ಫೋನು ಬಂತೆಂದು ಮೇಲೆ ಹತ್ತಿದ. ಕುಸಿದ ಗೋಡೆಯ ಮುಂದೆ ನಿಂತೇ ಅದು ನಿಂತಿದೆ ಎಂದಿದ್ದ.

ಕಲ್ಲುಕುಟಿಗ ಬಗ್ಗಿ ನೋಡಿದಾಗ ಕೆಳಮೂಲೆಯ ಸಿಮೆಂಟಿನಲ್ಲಿ ಒಂದು ಹೆಬ್ಬೆರಳ ಗುರುತು ಕಂಡಿತು. ಕೆಲಸ ಮುಗಿದಾಗ ಹಸಿ ಗಾರೆಗೆ ಒತ್ತಿದ್ದು. ಉಗುರಿಲ್ಲದ ಮೊಂಡು ಬೆರಳು. ಅವನ ಅಪ್ಪನ ಬೆರಳು ಹಾಗಿತ್ತು, ಚಪ್ಪಡಿಯ ಅಡಿಗೆ ಸಿಕ್ಕಿ ಜಜ್ಜಿಹೋದದ್ದು.

"ಬೈದಿದ್ದು ಮುಗೀತಾ?" ಎಂದ ಚಿಕ್ಕಪ್ಪ.

"ನಿಂಗೆ ಗೊತ್ತಿತ್ತಾ?"

"ಗಾರೆ ಕಲಸಿದ್ದೇ ನಾನು. ಬೇಡ ಅಣ್ಣಾ ಅಂದೆ. ಅವತ್ತೂ ಹಿಂಗೇ ಒಬ್ಬ ಸಾಹೇಬ, ಹಿಂಗೇ ಒಂದು ಕಾಗದ. ನಿಮ್ಮಪ್ಪ ಹೂಂ ಅಂದ."

ಕಲ್ಲುಕುಟಿಗ ಆ ಗುರುತಿಗೆ ತನ್ನ ಹೆಬ್ಬೆರಳಿಟ್ಟು ನೋಡಿದ. ಅವನಿಗೆ ಉಳಿ ಹಿಡಿಯಲು ಕಲಿಸಿದ್ದೇ ಆ ಬೆರಳು. ಈಗ ಬಾಯಿ ಬಿಟ್ಟರೆ ಅಪ್ಪನ ಹೆಸರು ಈ ಬೂಟಿನವನ ಮುಂದೆ ನಗೆಪಾಟಲು. ಬಿಡದಿದ್ದರೆ ಗೋಡೆಯ ಬಾಯಿಗೆ ಮತ್ತೆ ಸಿಮೆಂಟು.

ಎಂಜಿನಿಯರು ಮೆಲ್ಲಗೆ ಇಳಿದು ಬಂದ.

"ಸಾರ್, ಇದನ್ನ ಹಾಳು ಮಾಡಿದ ಕತ್ತೆ ನಮ್ಮಪ್ಪ. ಅವನು ಮಾಡಿದ್ದನ್ನ ನಾನು ಮಾಡಲ್ಲ."

ಎಂಜಿನಿಯರು ತುಟಿಯಂಚಿನಲ್ಲಿ ನಕ್ಕ. "ಹೆತ್ತ ಅಪ್ಪನಿಗೇ ಹೀಗಂತೀರಲ್ರೀ?"

"ಅವನಿಗೆ ಕಲ್ಲು ಗೊತ್ತಿತ್ತು. ಗೊತ್ತಿದ್ದೂ ಹೂಂ ಅಂದ, ಅದಕ್ಕೆ ಕತ್ತೆ. ನಿಮಗೆ ಗೊತ್ತೇ ಇಲ್ಲ. ನಿಮ್ಮನ್ನ ಏನಂತ ಬೈಲಿ?"

ನಕ್ಷೆ ಸುರುಳಿಯಾಯಿತು. ನಾಳೆಯಿಂದ ಬೇರೆಯವರು ಬರುತ್ತಾರೆಂದು ಹೇಳಿ ಎಂಜಿನಿಯರು ಬೂಟು ನೋಡಿಕೊಳ್ಳುತ್ತ ಹೋದ.

"ಹೋಯ್ತಲ್ಲೋ ಕೆಲಸ," ಎಂದ ಚಿಕ್ಕಪ್ಪ.

ಕಲ್ಲುಕುಟಿಗ ಚೀಲದಿಂದ ಉಳಿ ತೆಗೆದು ಹೆಬ್ಬೆರಳ ಗುರುತಿನ ನಡುವೆ ಇಟ್ಟ. ನಾಲ್ಕು ಏಟಿಗೆ ಸಿಮೆಂಟು ಕಳಚಿತು. ಸಂದಿಯಿಂದ ಕೆಂಪು ನೀರು ಎಳೆಯಾಗಿ ಇಳಿದು ಅವನ ಮುಂಗೈ ತೋಯಿಸಿತು. ಅವನು ಉಳಿಯನ್ನು ಮುಂದಿನ ಸಂದಿಗೆ ಇಟ್ಟ.